ಕಪಾಟಿನೊಳಗಿನ ಎಲುಬು

1972ರ ಬರಗಾಲವನ್ನು ಕಂಡವರಿಗೆ ಅದನ್ನು ನೆನಪಿಸಿಕೊಡಬೇಕಾಗಿಲ್ಲ. ಕಾಣದವರಿಗೆ ಬಣ್ಣಿಸಿ ತಿಳಿಸುವುದು ಸಾಧ್ಯವಿಲ್ಲ. ಶೇಗಾಂವದ ಸುತ್ತಿನ ಎರೆಹೊಲಗಳು ಬಾಯ್ದೆರೆದು ಬಿದ್ದಿದ್ದವು. ಮಡ್ಡಿಯ ಮೇಲೆ ಕುರಿಗೆ ಮೇಯಲು ಕಡ್ಡಿಯಿರಲಿಲ್ಲ. ಜತ್ತ ತಾಲೂಕಿನ ತುಂಬ ಸರಕಾರದವರು ಖಡಿ ಒಡೆಯುವ, ಕೆರೆ ತೋಡುವ ಕಾಮಗಾರಿಗಳನ್ನು ತೆರೆದಿದ್ದರು. ದುಡಿದವರಿಗೆ ಕೂಲಿ, ಅದರ ಜೊತೆಗೆ ಸುಕಡಿ. ಅಂಗಡಿಯಲ್ಲಿ ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ. ಆಗ ನಾನು ಇಪ್ಪತ್ತನಾಲ್ಕರ ತರುಣ. ನಮ್ಮ ಗಡಿಭಾಗದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

ಒಂದು ಮಧ್ಯಾಹ್ನ ಕೆರೆಯ ಕೆಲಸದಲ್ಲಿದ್ದ ಇಬ್ಬರು ಆಳುಗಳು ಧೋತರದ ತುಂಡಿನಲ್ಲಿ ಏನನ್ನೋ ಸುತ್ತಿಕೊಂಡು ಶಾಲೆಯ ಕಟ್ಟೆಗೆ ಬಂದರು. ಬಿಚ್ಚಿದರೆ ಒಂದು ಎಲುಬು. ಗೇಣಿಗೆ ಸ್ವಲ್ಪ ಕಡಿಮೆಯಿರಬಹುದು. ಮೈಯೆಲ್ಲ ಸುಣ್ಣದ ಹರಳು ಹತ್ತಿಕೊಂಡು ಕಲ್ಲಿನ ಹಾಗೆ ಭಾರವಾಗಿತ್ತು.

"ಮಾಸ್ತರ, ಇದು ಬಕಾಸುರನ ಎಲುಬು ಅಂತಾರ್ರಿ ಹಿರ್ಯಾರು. ನೀವಾರ ನೋಡಿ ಹೇಳ್ರಿ."

ರಾಕ್ಷಸರ ಮಾತು ಕೇಳಿ ನನಗೆ ನಗು ಬಂತು. ಆದರೆ ನಾನು ಆಮೇಲೆ ಆಡಿದ ಮಾತು ಅದಕ್ಕಿಂತ ಹೆಚ್ಚು ನಗೆಪಾಟಲಿನದಾಗಿತ್ತೆಂಬುದು ತಿಳಿಯಲು ಏಳು ವರ್ಷ ಹಿಡಿಯಿತು. "ರಾಕ್ಷಸನೂ ಅಲ್ಲ, ದೈತ್ಯನೂ ಅಲ್ಲ; ಇದು ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿ ಬಾಳಿದ ನಮ್ಮ ಪೂರ್ವಜನದು" ಎಂದೆ. ಎಲುಬನ್ನು ತೊಳೆದು, ಒಣಗಿಸಿ, ಶಾಲೆಯ ಗಾಜಿನ ಕಪಾಟಿನಲ್ಲಿಟ್ಟು, ದಪ್ಪ ಅಕ್ಷರದಲ್ಲಿ 'ಆದಿಮಾನವನ ಎಲುಬು' ಎಂದು ಚೀಟಿ ಬರೆದು ಅಂಟಿಸಿದೆ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಆ ವರ್ಷ ಹೊಟ್ಟೆ ತುಂಬಿ ಉಣ್ಣದ ಮಕ್ಕಳು ಕಪಾಟಿನ ಮುಂದೆ ಸಾಲುಗಟ್ಟಿ ನಿಂತು ಅದನ್ನು ನೋಡಿದರು.

ನನ್ನ ಧೈರ್ಯಕ್ಕೆ ಆಧಾರವಾಗಿದ್ದುದು ಒಂದು ಹೆಸರು: ರಾಮಾಪಿಥೆಕಸ್. ಆ ಕಾಲದಲ್ಲಿ ಕಲಿತವರಿಗೆ ಅದು ಮರೆತಿರಲಾರದು. 1932ರಲ್ಲಿ ಜಿ. ಎಡ್ವರ್ಡ್ ಲೂಯಿಸ್ ಎಂಬ ಅಮೇರಿಕದ ತರುಣ ವಿದ್ಯಾರ್ಥಿಗೆ ಹಿಮಾಚಲದ ಹರಿತಲ್ಯಾಂಗರ ಎಂಬಲ್ಲಿ, ಶಿವಾಲಿಕ ಬೆಟ್ಟಗಳ ಮಣ್ಣಿನಲ್ಲಿ, ಮೇಲ್ದವಡೆಯ ಒಂದು ಪಕ್ಕದ ತುಂಡು ಸಿಕ್ಕಿತು. ನಮ್ಮ ಪುರಾಣಗಳ ಮೇಲೆ ಅವನಿಗೆ ಅಕ್ಕರೆಯಿದ್ದಿರಬೇಕು. ಒಂದು ಜಾತಿಯ ವಾನರಕ್ಕೆ ರಾಮನ ಹೆಸರು, ಇನ್ನೊಂದಕ್ಕೆ ಬ್ರಹ್ಮನದು, ಮತ್ತೊಂದಕ್ಕೆ ಸುಗ್ರೀವನದು ಇಟ್ಟು 1934ರಲ್ಲಿ ಪ್ರಕಟಿಸಿದ. ಆಗ ಯಾರೂ ಹೆಚ್ಚಾಗಿ ಲಕ್ಷ್ಯ ಕೊಡಲಿಲ್ಲ. 1961ರಲ್ಲಿ ಎಲ್ವಿನ್ ಸೈಮನ್ಸ್ ಎಂಬ ವಿದ್ವಾಂಸ ಆ ತುಂಡನ್ನು ಮತ್ತೆ ಕೈಗೆತ್ತಿಕೊಂಡು, ಇದರ ಹಲ್ಲುಸಾಲು ಮನುಷ್ಯರದರಂತೆ ಬಾಗಿದೆ, ಕೋರೆಹಲ್ಲು ಸಣ್ಣದು, ಆದ್ದರಿಂದ ಇದು ಮಾನವಕುಲದ ಮೊದಲ ಮೆಟ್ಟಿಲು ಎಂದು ಸಾರಿದ. ಮುಂದೆ ಡೇವಿಡ್ ಪಿಲ್ಬೀಮ್ ಎಂಬ ತರುಣ ಪಂಡಿತನೂ ಅವನ ಜೊತೆಗೂಡಿದ. ಒಂದು ಕೋಟಿ ನಲವತ್ತು ಲಕ್ಷ ವರ್ಷಗಳ ಹಿಂದಿನ ಪೂರ್ವಜ, ಅದೂ ನಮ್ಮ ದೇಶದ ಮಣ್ಣಿನಲ್ಲಿ, ಅದೂ ರಾಮನ ಹೆಸರಿನವನು! ಯಾವ ಮಾಸ್ತರನ ಎದೆ ಉಬ್ಬದೆ ಇದ್ದೀತು? ನಾನು ಫಲಕದ ಮೇಲೆ ಏಣಿಯ ಹಾಗೆ ಮೆಟ್ಟಿಲು ಬರೆದು, ತೀರ ಕೆಳಗೆ ಅವನನ್ನು, ತೀರ ಮೇಲೆ ನಮ್ಮನ್ನು ನಿಲ್ಲಿಸುತ್ತಿದ್ದೆ.

1979ರ ಬೇಸಿಗೆಯ ರಜೆಯಲ್ಲಿ, ಸಂಬಂಧಿಕರ ಲಗ್ನಕ್ಕೆ ಪುಣೆಗೆ ಹೋಗುವ ಸಂದರ್ಭ ಒದಗಿತು. ಎಲುಬನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಎಸ್.ಟಿ. ಗಾಡಿಯಲ್ಲಿ ರಾತ್ರಿಯೆಲ್ಲ ಅದು ನನ್ನ ತೊಡೆಯ ಮೇಲಿತ್ತು. ಲಗ್ನದ ಮಾರನೆಯ ದಿನ ಡೆಕ್ಕನ್ ಕಾಲೇಜಿಗೆ ಹೋದೆ. ಸಂಕಾಲಿಯಾ ಅವರಂಥ ಮಹಾವಿದ್ವಾಂಸರು ಬೆಳೆಸಿದ ಪುರಾತತ್ತ್ವದ ಪೀಠ ಅದು. ಹಳ್ಳಿಯ ಮಾಸ್ತರನೊಬ್ಬ ಒಳಗೆ ಕಾಲಿಡಲು ಅಳುಕಬೇಕಾದದ್ದು ಸಹಜ. ಆದರೆ ಅಲ್ಲಿ ಸಂಶೋಧನೆಗೆಂದು ಇದ್ದ ಧಾರವಾಡದ ಕಡೆಯ ಒಬ್ಬ ತರುಣ ಕನ್ನಡದ ದನಿ ಕೇಳಿದೊಡನೆ ಎದ್ದು ಬಂದು ಕುರ್ಚಿ ಕೊಟ್ಟ. ಎಲುಬನ್ನು ತಿರುಗಿಸಿ ನೋಡಿದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಸರ್, ಇದು ಎತ್ತಿನ ಮುಂಗಾಲಿನದು. ನೋಡ್ರಿ, ಕೆಳಗೆ ಎರಡು ಗೊರಸಿಗೆ ಎರಡು ಕೀಲು. ಬಹಳ ಹಳೆಯದೂ ಇರಲಿಕ್ಕಿಲ್ಲ. ನಮ್ಮ ನೆಲದಾಗ ಸುಣ್ಣ ಬೇಗ ಹತ್ತತೈತಿ."

ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ನಾನು. ಎತ್ತಿನ ಕಾಲನ್ನು ದಿನಾಲು ನೋಡಿದವನು. ಆ ಎರಡು ಕೀಲನ್ನು ಏಳು ವರ್ಷ ಕಪಾಟಿನಲ್ಲಿಟ್ಟುಕೊಂಡು ಕಾಣದೆ ಹೋದೆ! ನನ್ನ ಮುಖ ಬಾಡಿದ್ದನ್ನು ಕಂಡು ಆ ಪುಣ್ಯಾತ್ಮ ಚಹಾ ತರಿಸಿ, ಒಳಕೋಣೆಗೆ ಕರೆದೊಯ್ದು ಕಟ್ಟಿಗೆಯ ತಟ್ಟೆಯೊಂದನ್ನು ಎಳೆದು ತೋರಿಸಿದ. ಅದರಲ್ಲಿದ್ದವು ಹುಣಸಗಿಯ ಕಲ್ಲಿನ ಕೈಗೊಡಲಿಗಳು. ಅಂದಿನ ಗುಲಬರ್ಗಾ ಜಿಲ್ಲೆಯ ಸುರಪುರ ಸೀಮೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಕೆ. ಪದ್ದಯ್ಯನವರು ನಡೆಸಿದ್ದ ಶೋಧನೆಯ ಫಲ. ಒಂದನ್ನು ನನ್ನ ಅಂಗೈಯಲ್ಲಿಟ್ಟ. ಅಂಗೈಗೆ ಸರಿಯಾಗಿ ಕೂತಿತು. ಎರಡೂ ಪಕ್ಕ ಕೆತ್ತಿ ಅಂಚು ಮಾಡಿ, ತುದಿ ಚೂಪುಗೊಳಿಸಿದ್ದರು. "ಮಾಡಿದವರ ಎಲುಬು ಒಂದೂ ಸಿಕ್ಕಿಲ್ಲ ಸರ್. ಅವರ ಕೈಕೆಲಸ ಮಾತ್ರ ಸಿಕ್ಕೈತಿ" ಎಂದ.

ಊರಿಗೆ ಹಿಂದಿರುಗಿದೆ. ಶಾಲೆ ತೆರೆಯಿತು. ಆ ಎಲುಬನ್ನು ಕಪಾಟಿನಲ್ಲಿ ಇದ್ದ ಜಾಗದಲ್ಲಿಯೇ ಇಟ್ಟೆ. ಚೀಟಿಯನ್ನು ಕಿತ್ತಬೇಕೆಂದು ಕೈ ಮುಂದಾಯಿತು, ಹಿಂದಿನಿಂದ ಯಾರೋ ಹುಡುಗರು ಬಂದರು, ಕೈಯನ್ನು ಹಿಂದೆಗೆದುಕೊಂಡೆ. ನಾಳೆ ಮಾಡಿದರಾಯಿತೆಂದೆ. ಆ ನಾಳೆ ಬರಲಿಲ್ಲ. ಮುಂದೆ ವರ್ಗವಾಯಿತು, ಬೇರೆ ಶಾಲೆ, ಬೇರೆ ಊರು. ಕಪಾಟು ಅಲ್ಲಿಯೇ ಉಳಿಯಿತು.

ಇದರ ನಡುವೆ ರಾಮಾಪಿಥೆಕಸ್ಸಿನ ಕತೆಯೂ ತಿರುಗಿತ್ತು. 1967ರಲ್ಲಿಯೇ ಸಾರಿಚ್ ಮತ್ತು ವಿಲ್ಸನ್ ಎಂಬಿಬ್ಬರು ಅಮೇರಿಕದಲ್ಲಿ ಮನುಷ್ಯರ ಮತ್ತು ವಾನರರ ರಕ್ತದೊಳಗಿನ ಪ್ರೋಟೀನುಗಳನ್ನು ಹೋಲಿಸಿ, ನಮ್ಮ ಕವಲು ಆಫ್ರಿಕದ ವಾನರರಿಂದ ಬೇರೆಯಾದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದೆಯಷ್ಟೇ ಎಂದಿದ್ದರು. ಹಾಗಿದ್ದರೆ ಕೋಟಿ ವರ್ಷದ ರಾಮಾಪಿಥೆಕಸ್ ನಮ್ಮ ಹಿರಿಯನಾಗುವುದೆಂತು? ಎಲುಬಿನ ಪಂಡಿತರು ರಕ್ತದ ಪಂಡಿತರ ಮಾತಿಗೆ ಬೆಲೆ ಕೊಡಲಿಲ್ಲ. ಕೊನೆಗೆ ತೀರ್ಪು ಬಂದದ್ದು ಪಾಕಿಸ್ತಾನದ ಪೋಟವಾರ ಪ್ರಸ್ಥಭೂಮಿಯಿಂದ. ಅಲ್ಲಿ ಪಿಲ್ಬೀಮರ ತಂಡಕ್ಕೆ ಅದೇ ಬಳಗದ ಶಿವಾಪಿಥೆಕಸ್ಸಿನ ಮುಖದ ಭಾಗವೇ ಸಿಕ್ಕಿತು. ಆ ಮುಖ ಮನುಷ್ಯನನ್ನು ಹೋಲಲಿಲ್ಲ. ಬೋರ್ನಿಯೋ ಕಾಡಿನ ಒರಾಂಗುಟಾನನ್ನು ಹೋಲಿತು. 1982ರಲ್ಲಿ ಪಿಲ್ಬೀಮ್ ಅದನ್ನು ಪ್ರಕಟಿಸಿ, ತಾವು ಹಿಂದೆ ಎತ್ತಿ ಹಿಡಿದ ಮಾತನ್ನು ತಾವೇ ಕೆಳಗಿಟ್ಟರು. ಈಗ ರಾಮಾಪಿಥೆಕಸ್ ಎಂಬ ಬೇರೆ ಜಾತಿಯೇ ಇಲ್ಲ. ಅದು ಶಿವಾಪಿಥೆಕಸ್ಸಿನೊಳಗೆ ಸೇರಿಹೋಗಿದೆ. ರಾಮನು ಶಿವನಲ್ಲಿ ಲೀನನಾದನೆಂದು ನಮ್ಮ ಭಜನೆಯ ಮಂದಿ ಸಂತೋಷಪಡಬಹುದು.

ತಪ್ಪು ಎಲ್ಲಿ ಆಗಿತ್ತು? ಸಿಕ್ಕ ದವಡೆಯಲ್ಲಿ ನಡುಭಾಗವೇ ಇರಲಿಲ್ಲ. ಪಕ್ಕದ ತುಂಡನ್ನು ಹಿಡಿದು ಉಳಿದದ್ದನ್ನು ಊಹಿಸಿ ಜೋಡಿಸುವಾಗ, ಮನುಷ್ಯನಂತಿರಬೇಕೆಂಬ ಆಸೆಗೆ ತಕ್ಕಂತೆ ಬಾಗು ಕೊಟ್ಟಿದ್ದರು. ಸೊಂಟದ ಎಲುಬಿಲ್ಲ, ಕಾಲಿನ ಎಲುಬಿಲ್ಲ. ಆದರೂ ಎರಡು ಕಾಲಿನ ಮೇಲೆ ನಡೆಯುತ್ತಿತ್ತೆಂದು ಚಿತ್ರ ಬರೆದವರುಂಟು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಅತಿಶಯವಲ್ಲ. ನನ್ನದು ಬೇರೆ ಏನು? ಎತ್ತಿನ ಕಾಲಿಗೆ ನಾನು ಮನುಷ್ಯನನ್ನು ಜೋಡಿಸಿದ್ದೆ. ಆದರೆ ಒಂದು ಭೇದವಿತ್ತು. ಪಿಲ್ಬೀಮರು ತಮ್ಮ ಚೀಟಿಯನ್ನು ಲೋಕದೆದುರು ತಾವೇ ಕಿತ್ತಿದರು.

ನಿಜವಾದ ಹಿರಿಯರ ಎಲುಬುಗಳು ಸಿಕ್ಕದ್ದು ಬಹುಮಟ್ಟಿಗೆ ಆಫ್ರಿಕದಲ್ಲಿ. 1974ರಲ್ಲಿ ಇಥಿಯೋಪಿಯದ ಹಡಾರದಲ್ಲಿ ಸಿಕ್ಕ, ಲೂಸಿ ಎಂದು ಹೆಸರಾದ ಹೆಣ್ಣಿನ ಅಸ್ಥಿಪಂಜರ 32 ಲಕ್ಷ ವರ್ಷಗಳಷ್ಟು ಹಿಂದಿನದು. ಅವಳ ಮೆದುಳು ವಾನರದಷ್ಟೇ, ನಡಿಗೆ ಮಾತ್ರ ನಮ್ಮಂತೆ. ಮೆದುಳು ಬೆಳೆದು ಮನುಷ್ಯನಾದನೆಂದು ನಾವು ಕಲಿಸಿದ್ದೆವು. ಎಲುಬುಗಳು ಹೇಳಿದ್ದು ಕಾಲು ಮೊದಲು, ತಲೆ ಆಮೇಲೆ ಎಂದು. ನನಗೆ ಇವೆಲ್ಲವುಗಳಿಗಿಂತ ಪ್ರಿಯವಾದದ್ದು ಕಮೋಯ ಕಿಮೆಯು ಎಂಬ ಕೀನ್ಯಾದ ಮನುಷ್ಯನ ವೃತ್ತಾಂತ. ಬಾಲ್ಯದಲ್ಲಿ ತಂದೆಯ ಆಡು ಕಾಯುತ್ತಿದ್ದವನು, ದೊಡ್ಡ ಓದಿಲ್ಲ. 1984ರಲ್ಲಿ ತುರ್ಕಾನಾ ಸರೋವರದ ಪಶ್ಚಿಮಕ್ಕೆ, ಒಣ ಹಳ್ಳದ ದಂಡೆಯ ಕಪ್ಪು ಹರಳುಗಳ ನಡುವೆ, ಅದೇ ಬಣ್ಣದ ಒಂದು ಸಣ್ಣ ಎಲುಬಿನ ಚೂರನ್ನು ಅವನ ಕಣ್ಣು ಆರಿಸಿತು. ಅದರ ಬೆನ್ನು ಹತ್ತಿ ಅಗೆದಾಗ 15 ಲಕ್ಷ ವರ್ಷಗಳ ಹಿಂದಿನ ಒಬ್ಬ ಹುಡುಗನ ಬಹುತೇಕ ಪೂರ್ಣ ಅಸ್ಥಿಪಂಜರ ಹೊರಬಂತು. ನಮ್ಮ ಮಡ್ಡಿಯಲ್ಲಿ ಕಳೆದ ಮರಿಯನ್ನು ಹರದಾರಿ ದೂರದಿಂದ ಗುರುತಿಸುವ ಕುರುಬರನ್ನು ಕಂಡವನಿಗೆ ಇದು ಆಶ್ಚರ್ಯವೆನಿಸದು.

ಹಾಗಾದರೆ ನಮ್ಮಲ್ಲಿ ಏಕೆ ಸಿಕ್ಕುವುದಿಲ್ಲ? ಪೂರ್ವ ಆಫ್ರಿಕದಲ್ಲಿ ನೆಲ ಸೀಳಿ ಕುಸಿಯುತ್ತ ಹೋಗಿ ಅಲ್ಲಿ ಕೆರೆಯ ಹೂಳು ತುಂಬಿತು. ನಡುನಡುವೆ ಅಗ್ನಿಪರ್ವತಗಳು ಬೂದಿ ಸುರಿದವು. ಹೂಳು ಎಲುಬನ್ನು ಮುಚ್ಚಿ ಕಾಯ್ದರೆ, ಬೂದಿಯ ಪದರ ಅದರ ಕಾಲವನ್ನು ತಿಳಿಸುತ್ತದೆ. ನಮ್ಮ ಜತ್ತ ಸೀಮೆಯ ಅಡಿಗಿರುವ ಕರಿಗಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ; ಮನುಷ್ಯನ ಮಾತಿರಲಿ, ವಾನರ ಕೂಡ ಹುಟ್ಟಿರದ ಕಾಲ. ಅದರ ಮೇಲಿನ ಮಣ್ಣು ತೆಳು. ಹೊಳೆಗಳು ಕೂಡಿಡುವುದಕ್ಕಿಂತ ಕೊಚ್ಚಿ ಒಯ್ಯುವುದೇ ಹೆಚ್ಚು.

ಆದರೂ ಕನ್ನಡ ನೆಲ ಎಲುಬನ್ನು ಕಾಯುವುದೇ ಇಲ್ಲವೆಂದು ಹೇಳುವಂತಿಲ್ಲ. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಭಾರತದ ಮೊದಲ ಹಳೆಶಿಲಾಯುಗದ ಆಯುಧವನ್ನು ಗುರುತಿಸಿದ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ, ನಮ್ಮ ಗೋಕಾಕದ ಬಳಿ ಖಡ್ಗಮೃಗದ ಪಳೆಯುಳಿಕೆಯನ್ನು ಕಂಡು 1874ರಲ್ಲಿ ವಿವರಿಸಿದ್ದಾನೆ. ಘಟಪ್ರಭೆಯ ಸೀಮೆಯಲ್ಲಿ ಖಡ್ಗಮೃಗ! ಇನ್ನೂ ಹತ್ತಿರ ಬಂದರೆ, ವೀರಭದ್ರನ ದರ್ಶನಕ್ಕೆಂದು ನಮ್ಮವರು ಹೋಗುವ ಚಿಕ್ಕೋಡಿ ಸೀಮೆಯ ಯಡೂರಿನ ಮಗ್ಗುಲಿಗೆ, ಯಡೂರವಾಡಿಯಲ್ಲಿ, ಕೃಷ್ಣೆಯ ದಂಡೆಯ ಹಳೆಯ ಹರಳುಗರಸಿನಲ್ಲಿ ಕೈಗೊಡಲಿ ಕಾಲದ ಆಯುಧಗಳಿವೆ. ಆ ಪದರ ಮೂರೂವರೆ ಲಕ್ಷ ವರ್ಷಗಳಿಗಿಂತ ಹಿಂದಿನದೆಂದು ಪರೀಕ್ಷೆಯಿಂದ ತಿಳಿದಿದೆ. ಮನುಷ್ಯಕುಲದ ಎಲುಬಾದರೆ ಇಡೀ ದೇಶದಲ್ಲಿ ಅಷ್ಟು ಹಳೆಯದಾಗಿ ಸಿಕ್ಕ ತಲೆಬುರುಡೆ ಒಂದೇ. 1982ರ ದಶಂಬರದಲ್ಲಿ ನರ್ಮದೆಯ ದಂಡೆಯ ಹಥನೋರಾದಲ್ಲಿ ಅರುಣ ಸೋನಕಿಯಾ ಅವರಿಗೆ ದೊರೆತ ಬುರುಡೆಯ ಬಲಭಾಗ ಅದು. ಮೊದಲು ಅದನ್ನು ಹೋಮೋ ಇರೆಕ್ಟಸ್ ಎಂದರು. ಆಮೇಲೆ ನಮ್ಮ ಜಾತಿಗೇ ಹತ್ತಿರದ ಹಳೆಯ ರೂಪವೆಂದು ಹೇಳಿದವರೂ ಇದ್ದಾರೆ. ಅದರ ಕಾಲದ ಬಗ್ಗೆಯೂ ಚರ್ಚೆ ಮುಗಿದಿಲ್ಲ. ಪಿಲ್ಬೀಮರು ತಮ್ಮ ಮಾತನ್ನು ಹಿಂದಕ್ಕೆ ಪಡೆದ ವರ್ಷದಲ್ಲಿಯೇ ಇದು ಸಿಕ್ಕಿತೆಂಬುದು ವಿಚಿತ್ರ.

ನಿವೃತ್ತನಾದ ಮೇಲೆ ಒಮ್ಮೆ ವಿಜಾಪುರ, ತಾಳಿಕೋಟೆಯ ಮಾರ್ಗವಾಗಿ ಹುಣಸಗಿಗೆ ಹೋಗಿ ಬಂದೆ. ಅದರ ಸಮೀಪದ ಇಸಾಂಪುರದಲ್ಲಿ 1997ರಿಂದ 2001ರವರೆಗೆ ಪದ್ದಯ್ಯನವರು ಉತ್ಖನನ ನಡೆಸಿದ್ದರು. ಆಯುಧ ತಯಾರಿಸುವ ಜಾಗವೇ ಅದಾಗಿತ್ತು. ಸುಣ್ಣಗಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಬೇರೆ ಗಟ್ಟಿಕಲ್ಲಿನ ಗುಂಡುಗಳಿಂದ ಬಡಿದು ಕೆತ್ತಿದ ಚಕ್ಕೆಗಳು ಬಿದ್ದ ಜಾಗದಲ್ಲಿಯೇ ಉಳಿದಿದ್ದವು. ಕಂಬಾರಸಾಲೆಯಲ್ಲಿ ಕೆಲಸ ಬಿಟ್ಟು ಊಟಕ್ಕೆ ಎದ್ದುಹೋದ ಹಾಗೆ. ನಾನು ಹೋದಾಗ ನೋಡಲು ಏನೂ ಇರಲಿಲ್ಲ. ಹೊಲ, ಬಿಸಿಲು, ಕಲ್ಲು. ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ ತಿಂದು ಬಂದೆ.

ಆ ನೆಲೆಯ ಕಾಲವನ್ನು ಎಣಿಸಿದ್ದು ಹೇಗೆಂಬುದು ತಿಳಿದಾಗ ಮಾತ್ರ ನಾನು ಒಬ್ಬನೇ ನಕ್ಕೆ. ಅಲ್ಲಿಯೂ ಮನುಷ್ಯನ ಎಲುಬು ಸಿಕ್ಕಿಲ್ಲ. ಸಿಕ್ಕದ್ದು ದನದ ಜಾತಿಯ ಪ್ರಾಣಿಯ ಹಲ್ಲು! ಮಣ್ಣಿನಲ್ಲಿ ಸಹಜವಾಗಿರುವ ವಿಕಿರಣದ ಪರಿಣಾಮ ಹಲ್ಲಿನ ಹೊಳಪು ಕವಚದಲ್ಲಿ ವರ್ಷ ವರ್ಷಕ್ಕೂ ಸೇರುತ್ತ ಹೋಗುತ್ತದೆ. ಅದನ್ನು ಅಳೆದು ಲೆಕ್ಕ ಹಾಕಿದರೆ ಎಷ್ಟು ಕಾಲದಿಂದ ಹೂತುಬಿದ್ದಿದೆಯೆಂದು ತಿಳಿಯುತ್ತದೆ. ಲೆಕ್ಕ ಬಂದದ್ದು ಸುಮಾರು 12 ಲಕ್ಷ ವರ್ಷ. ಎತ್ತಿನ ಎಲುಬೆಂದು ಕೇಳಿ ಪುಣೆಯಲ್ಲಿ ನಾಚಿ ತಲೆತಗ್ಗಿಸಿದವನು ನಾನು. ಕನ್ನಡ ನಾಡಿನಲ್ಲಿ ಮನುಷ್ಯಕುಲದ ಪ್ರಾಚೀನತೆಗೆ ಸಾಕ್ಷಿ ನುಡಿದದ್ದು ದನದ ಹಲ್ಲು.

ಹೋದ ವರ್ಷ ಮೊಮ್ಮಗಳು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಓದುತ್ತಿದ್ದಳು. ಕೈಯಲ್ಲಿ ಯಾವುದೋ ಗೈಡ್. ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಾಗ ಆ ಹಳೆಯ ಹೆಸರು ನನ್ನ ಕಿವಿಗೆ ಬಿತ್ತು. ಮಾನವನ ಮೊದಲ ಪೂರ್ವಜ, ರಾಮಾಪಿಥೆಕಸ್. ನಲವತ್ತು ವರ್ಷಗಳ ಹಿಂದೆ ಪಟ್ಟದಿಂದ ಇಳಿದವನು ನನ್ನ ಮನೆಯ ಪಡಸಾಲೆಯಲ್ಲಿ ಇನ್ನೂ ರಾಜ್ಯವಾಳುತ್ತಿದ್ದ.

ಕರೆದು ಕೂರಿಸಿ ಎಲ್ಲವನ್ನೂ ಹೇಳಿದೆ. ಏಣಿಯಲ್ಲ, ಮರ ಎಂದೆ. ನಮ್ಮ ಮನೆತನದ ಒಂದು ಕವಲು ಶೇಗಾಂವದಲ್ಲಿದೆ, ಇನ್ನೊಂದು ಅಥಣಿಯಲ್ಲಿದೆ. ಅಥಣಿಯವರಿಂದ ನಾವು ಹುಟ್ಟಿದೆವೇ? ಇಲ್ಲ. ಇಬ್ಬರಿಗೂ ಹಿಂದೆ ಒಬ್ಬ ಮೂಲಪುರುಷನಿದ್ದ. ಹಾಗೆಯೇ ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ; ಕವಲೊಡೆದು 60–70 ಲಕ್ಷ ವರ್ಷಗಳಾಗಿರಬಹುದು. ಅವಳು ತದೇಕಚಿತ್ತದಿಂದ ಕೇಳಿದಳು. ಆಮೇಲೆ, "ಖರೇ ಮುತ್ಯಾ, ಆದ್ರ ಪರೀಕ್ಷಾದಾಗ ಏನ ಬರೀಲಿ?" ಎಂದಳು.

ವರ್ಷಗಟ್ಟಲೆ ನೂರಾರು ಮಕ್ಕಳಿಗೆ ಏನು ಬರೆಯಬೇಕೆಂದು ಹೇಳಿದವನಿಗೆ ಆಗ ಬಾಯಿ ಬರಲಿಲ್ಲ. ಗುಣ ಹೋದರೆ ಅವಳ ತಾಯಿ ನನ್ನನ್ನು ಬಿಟ್ಟಾಳೆಯೇ? "ನಿನಗ ತಿಳಿದದ್ದು ಬರಿ" ಎಂದು ತಪ್ಪಿಸಿಕೊಂಡೆ. ಅವಳು ಬಿಡಲಿಲ್ಲ: "ನೀವ ಕಲಿಸಿದ ಹುಡುಗರಿಗೆ ಆಮ್ಯಾಲ ಹೇಳಿದಿರಿ ಏನು, ಇದು ತಪ್ಪಂತ?"

ಎಲುಬಿನ ಸಂಗತಿಯನ್ನು ಅಂದಿನವರೆಗೆ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ಹೇಳಿದೆ. ಬೈಯಲಿಲ್ಲ, ನಗಲಿಲ್ಲ, ಸುಮ್ಮನೆ ಒಳಗೆ ಹೋಗಿ ಹಾಳೆ ಮತ್ತು ಪೆನ್ನು ತಂದು ನನ್ನ ಮುಂದಿಟ್ಟಳು.

ನಾನು ಮೊದಲು ಸೇರಿದ್ದ ಆ ಶಾಲೆಯಲ್ಲಿ ಈಗ ನನ್ನ ಹಳೆಯ ವಿದ್ಯಾರ್ಥಿಯ ಮಗನೇ ಮಾಸ್ತರ. ಅವನಿಗೆ ಕಾಗದ ಬರೆದೆ. ಆ ಎಲುಬು ಎತ್ತಿನದೆಂದೂ, 1979ರಿಂದ ನನಗದು ಗೊತ್ತಿತ್ತೆಂದೂ, ನಿನ್ನ ತಂದೆಗೂ ನಾನು ತಪ್ಪನ್ನೇ ಕಲಿಸಿದೆನೆಂದೂ ಬರೆದೆ. ಕಪಾಟು ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಕೇಳಿದೆ. ಎಂಟು ದಿನಕ್ಕೆ ಉತ್ತರ ಬಂತು. ಗಾಜು ಒಡೆದಿದೆ, ಕಪಾಟಿದೆ, ಎಲುಬಿದೆ, ಚೀಟಿಯೂ ಇದೆ. ಅಪ್ಪನಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ನಕ್ಕು, "ನಮ್ಮ ಗುರುಗಳಿಗೆ ನನ್ನ ನಮಸ್ಕಾರ ತಿಳಿಸು, ಆ ಎಲುಬು ತಂದಾವ್ರಾಗ ನಮ್ಮ ಕಾಕಾ ಒಬ್ಬಾಂವ ಇದ್ದ" ಎಂದರು. ಮಕ್ಕಳಿಂದಲೇ ಎತ್ತಿನ ಕಾಲನ್ನು ಹೋಲಿಸಿ ನೋಡಿಸಿದ್ದೇನೆ. ಹೊಸ ಚೀಟಿಯನ್ನು ಅವರೇ ಬರೆದಿದ್ದಾರೆ. ಸರಿಯೇ ತಪ್ಪೇ ನೋಡಿ ಹೇಳಬೇಕು.

ಕಾಗದದ ಜೊತೆಗೆ ಚೀಟಿಯ ನಕಲೂ ಇತ್ತು. ಹುಡುಗಿಯೊಬ್ಬಳ ದುಂಡನೆಯ ಅಕ್ಷರ:

"ಎತ್ತಿನ ಮುಂಗಾಲಿನ ಎಲುಬು. 1972ರ ಬರಗಾಲದಲ್ಲಿ ಕೆರೆ ತೋಡುವಾಗ ಸಿಕ್ಕಿತು. ಎಷ್ಟು ಹಳೆಯದು, ಇನ್ನೂ ಗೊತ್ತಾಗಿಲ್ಲ."